ಟೀವಿಗೆ ಯಾವ ಕೇಬಲ್ ತಗೊಳ್ಳೋದು?

ಅಂಗಡಿಗೆ ಹೋಗಿ 'ಒಂದು ಎಚ್‌ಡಿಎಂಐ ಕೇಬಲ್ ಕೊಡಿ' ಅಂದ್ರೆ ಮುನ್ನೂರು ರೂಪಾಯಿದೂ ತೋರಿಸ್ತಾರೆ, ಮೂರು ಸಾವಿರದ್ದೂ ತೋರಿಸ್ತಾರೆ. ಎರಡರ ತುದಿಯಲ್ಲೂ ಇರೋದು ಅದೇ 19 ಪಿನ್. ಮೆಸ್ ಬಿಲ್ ಕಟ್ಟಿ ಉಳಿದ ದುಡ್ಡಲ್ಲಿ ತಿಂಗಳು ತಳ್ಳೋ ನಮ್ಮಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಾಗಂತ ಕೈಗೆ ಸಿಕ್ಕಿದ್ದನ್ನ ತಂದ್ರೆ, ಪ್ರಾಜೆಕ್ಟ್ ಡೆಮೊ ದಿನ ಎಕ್ಸ್‌ಟರ್ನಲ್ ಎಕ್ಸಾಮಿನರ್ ಎದುರಿಗೆ 'ನೋ ಸಿಗ್ನಲ್' ಅಂತ ನೀಲಿ ಪರದೆ ನೋಡ್ತಾ ನಿಲ್ಲಬೇಕಾಗುತ್ತೆ.

ಮೊದಲು ಒಂದು ಲೆಕ್ಕ. ಫುಲ್ ಎಚ್‌ಡಿ ಚಿತ್ರ ಅಂದ್ರೆ 1920 × 1080 ಪಿಕ್ಸೆಲ್. ಆದ್ರೆ ಕೇಬಲ್ ಒಳಗೆ ಹೋಗೋ ಫ್ರೇಮ್ ಅದಕ್ಕಿಂತ ದೊಡ್ಡದು, 2200 × 1125. ಈ ಹೆಚ್ಚುವರಿ ಜಾಗಕ್ಕೆ ಬ್ಲ್ಯಾಂಕಿಂಗ್ ಅಂತಾರೆ. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಮುಗಿಸಿ ವಾಪಸ್ ಬರೋಕೆ ಸಮಯ ಬೇಕಿತ್ತಲ್ಲ, ಅದರ ಪಳೆಯುಳಿಕೆ ಇದು. ಟ್ಯೂಬ್ ಹೋಯ್ತು, ಬಿಡುವು ಉಳೀತು. ಈಗ ಆ ಸಂದಿಯಲ್ಲೇ ಆಡಿಯೊ ಡೇಟಾ ತೂರಿಸಿ ಕಳಿಸ್ತಾರೆ. ಸೆಕೆಂಡಿಗೆ 60 ಫ್ರೇಮ್ ಆದ್ರೆ 2200 × 1125 × 60, ಅಂದ್ರೆ 14.85 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬಣ್ಣ, ಬಣ್ಣಕ್ಕೆ 8 ಬಿಟ್, ಅದನ್ನ ಎನ್‌ಕೋಡ್ ಮಾಡಿ 10 ಬಿಟ್ ಆಗಿ ಕಳಿಸೋದು, ಒಟ್ಟು 30 ಬಿಟ್. ಗುಣಿಸಿದ್ರೆ ಸೆಕೆಂಡಿಗೆ ಸುಮಾರು 4.46 ಗಿಗಾಬಿಟ್. 4ಕೆ ಆದ್ರೆ ಇದರ ನಾಲ್ಕು ಪಟ್ಟು, 17.82.

2013ರಲ್ಲಿ ಬಂದ ಎಚ್‌ಡಿಎಂಐ 2.0ರ ಮಿತಿ 18 ಗಿಗಾಬಿಟ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಅದಕ್ಕೂ ಮುಂಚಿನ 1.4ರ ಮಿತಿ 10.2, ಹಾಗಾಗಿ ಅದರಲ್ಲಿ 4ಕೆ ಬಂದ್ರೂ 30 ಫ್ರೇಮ್‌ಗೇ ಸುಸ್ತು. 2017ರ 2.1 ಅದನ್ನ 48ಕ್ಕೆ ಏರಿಸಿತು. ಇಲ್ಲೊಂದು ವಿಷಯ: ಈ 1.4, 2.0, 2.1 ಎಲ್ಲ ಪೋರ್ಟ್‌ಗಳ, ಸಾಧನಗಳ ನಂಬರ್. ಕೇಬಲ್‌ಗೆ ಬೇರೆ ಹೆಸರುಗಳಿವೆ. 'ಪ್ರೀಮಿಯಂ ಹೈ ಸ್ಪೀಡ್' ಅಂದ್ರೆ 18 ಗಿಗಾಬಿಟ್‌ಗೆ ಪರೀಕ್ಷೆ ಆದದ್ದು, 'ಅಲ್ಟ್ರಾ ಹೈ ಸ್ಪೀಡ್' ಅಂದ್ರೆ 48ಕ್ಕೆ. ಡಬ್ಬಿ ಮೇಲೆ ಸ್ಕ್ಯಾನ್ ಮಾಡಬಹುದಾದ ಲೇಬಲ್ ಇದೆಯಾ ನೋಡಿ. ಬರೀ '8ಕೆ' ಅಂತ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿದ್ರೆ ಅದು ಪ್ರಮಾಣಪತ್ರ ಅಲ್ಲ.

ನಿಮ್ಮ ಟೀವಿ 4ಕೆ 60 ಹರ್ಟ್ಸ್‌ದಾದ್ರೆ 48 ಗಿಗಾಬಿಟ್ ಕೇಬಲ್ ಹಾಕಿದ್ರೂ ಅದು 120 ಆಗಲ್ಲ. ಲ್ಯಾಪ್‌ಟಾಪ್, ಕೇಬಲ್, ಟೀವಿಯ ಪೋರ್ಟ್, ಈ ಮೂರರಲ್ಲಿ ಯಾವುದು ನಿಧಾನವೋ ಅದರದ್ದೇ ಮಾತು ನಡೆಯೋದು. ಚಿನ್ನದ ಲೇಪ ತುಕ್ಕು ತಡೆಯುತ್ತೆ, ಅಷ್ಟೇ. ಡಿಜಿಟಲ್ ಸಿಗ್ನಲ್ ಆದ್ದರಿಂದ 'ಬಣ್ಣ ಸ್ವಲ್ಪ ಚೆನ್ನಾಗಿ ಬರುತ್ತೆ' ಅನ್ನೋದೇ ಇಲ್ಲ. ಬಿಟ್ ಸರಿಯಾಗಿ ತಲುಪಿದ್ರೆ ಚಿತ್ರ ಪೂರ್ತಿ ಸರಿ. ತಪ್ಪೋಕೆ ಶುರುವಾದ್ರೆ ಬಿಳಿ ಚುಕ್ಕೆ ಮಿನುಗುತ್ತೆ, ಆಮೇಲೆ ಪರದೆ ಆಗಾಗ ಕಪ್ಪಾಗುತ್ತೆ.

ದುಡ್ಡು ನಿಜವಾಗಿ ಕೊಡಬೇಕಾದ್ದು ಉದ್ದಕ್ಕೆ. ತಾಮ್ರದ ತಂತಿ ಉದ್ದವಾದಷ್ಟೂ ಹೆಚ್ಚಿನ ಫ್ರೀಕ್ವೆನ್ಸಿ ಸವೆಯುತ್ತೆ. 18 ಗಿಗಾಬಿಟ್‌ಗೆ ಸಾಮಾನ್ಯ ಕೇಬಲ್ ಐದು ಮೀಟರ್ ಆಸುಪಾಸು ಸರಿ, 48ಕ್ಕಾದ್ರೆ ಇನ್ನೂ ಕಮ್ಮಿ. ಸೆಮಿನಾರ್ ಹಾಲ್‌ನಂಥ ಕಡೆ ಆಪ್ಟಿಕಲ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕಿದೆ: ಒಂದು ತುದಿಯಲ್ಲಿ 'ಸೋರ್ಸ್', ಇನ್ನೊಂದರಲ್ಲಿ 'ಡಿಸ್‌ಪ್ಲೇ' ಅಂತ ಬರೆದಿರುತ್ತೆ. ಉಲ್ಟಾ ಹಾಕಿ ಗೋಡೆ ಒಳಗೆ ಪೈಪಲ್ಲಿ ತೂರಿಸಿಬಿಟ್ರೆ ದೇವರೇ ಗತಿ.

ಹೊಸ ಲ್ಯಾಪ್‌ಟಾಪ್‌ನವರ ತಲೆನೋವು ಟೈಪ್-ಸಿ. ಆಕಾರ ಒಂದೇ ಆದ್ರೂ ಎಲ್ಲ ಟೈಪ್-ಸಿ ಪೋರ್ಟ್‌ನಿಂದ ವಿಡಿಯೊ ಹೊರಗೆ ಬರಲ್ಲ. 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಇರಬೇಕು. ಪೋರ್ಟ್ ಪಕ್ಕ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟ್ ಗುರುತೋ ಇದ್ರೆ ಸರಿ, ಇಲ್ಲದಿದ್ರೆ ಮಾಡೆಲ್ ನಂಬರ್ ಹಾಕಿ ಕಂಪನಿ ಪೇಜ್‌ನಲ್ಲಿ ನೋಡಿ, ಆಮೇಲೆ ಅಡಾಪ್ಟರ್ ತಗೊಳ್ಳಿ. ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿ ಈ ಸೌಲಭ್ಯ ಇರಲ್ಲ. ಎಷ್ಟು ದುಬಾರಿ ಅಡಾಪ್ಟರ್ ತಂದ್ರೂ ಅವು ಚಾರ್ಜ್ ಆಗ್ತವೆ, ಚಿತ್ರ ಕೊಡಲ್ಲ.

ಲ್ಯಾಬ್‌ನ ಹಳೇ ಪಿಸಿಯಲ್ಲಿ ವಿಜಿಎ ಮಾತ್ರ ಇದ್ಯಾ? ಅದು ಅನಲಾಗ್, ಹಾಗಾಗಿ ಒಳಗೆ ಚಿಪ್ ಇರೋ ಕನ್ವರ್ಟರ್ರೇ ಬೇಕು. ವಿಜಿಎನಲ್ಲಿ ಧ್ವನಿ ಹೋಗಲ್ಲ, ಆದ್ರಿಂದ ಪಕ್ಕದಲ್ಲಿ ಆಡಿಯೊ ಜ್ಯಾಕ್ ಇರೋದನ್ನೇ ಆರಿಸಿ. ಸೌಂಡ್‌ಬಾರ್ ಹಾಕೋರು ಟೀವಿಯಲ್ಲಿ 'ಎಆರ್‌ಸಿ' ಅಂತ ಬರೆದಿರೋ ಪೋರ್ಟನ್ನೇ ಹುಡುಕಿ, ಬೇರೆದರಲ್ಲಿ ಟೀವಿಯ ಧ್ವನಿ ವಾಪಸ್ ಬರಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಮನೆ ಟೀವಿ ಹಿಂದೆನೂ ಒಂದ್ಸಲ ಇಣುಕಿ. ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಇದ್ದೂ ಹಳದಿ-ಕೆಂಪು-ಬಿಳಿ ವೈರಲ್ಲೇ ಓಡ್ತಿರೋ ಮನೆಗಳಿವೆ. ಆ ಹಳದಿ ವೈರಿನಲ್ಲಿ ಬರೋದು ಹೆಚ್ಚೆಂದ್ರೆ 576 ಸಾಲಿನ ಚಿತ್ರ. ಅಪ್ಪ ತಿಂಗಳಾ ತಿಂಗಳಾ ಎಚ್‌ಡಿ ಪ್ಯಾಕ್‌ಗೆ ದುಡ್ಡು ಕಟ್ತಿರ್ತಾರೆ, ಅಮ್ಮ ನೋಡ್ತಿರೋದು ಮಸುಕು ಸೀರಿಯಲ್. ಬಾಕ್ಸ್ ಹಿಂದೆ ಎಚ್‌ಡಿಎಂಐ ಪೋರ್ಟ್ ಖಾಲಿ ಇರುತ್ತೆ. ಅಲ್ಲಿಗೆ ಒಂದೂವರೆ ಮೀಟರ್‌ನ ಅಗ್ಗದ ಕೇಬಲ್ ಸಾಕು. ಹಾಕಿದ ಮೇಲೆ ರಿಮೋಟಲ್ಲಿ ಇನ್‌ಪುಟ್ ಬದಲಾಯಿಸೋದು ಹೇಗೆ ಅಂತ ಅಮ್ಮನಿಗೆ ತೋರಿಸಿ ಬನ್ನಿ, ಇಲ್ಲಾಂದ್ರೆ ಸಂಜೆ ಇಂಟರ್ನಲ್ಸ್‌ಗೆ ಓದ್ತಾ ಕೂತಾಗ ಫೋನ್ ಬರುತ್ತೆ.