ಆಪದ್ಬಂಧುವಿಗೂ ಒಂದು ಕಟ್ಟು

ಲಘು ಹೆಲಿಕಾಪ್ಟರಿನೊಳಗೆ ಸ್ಥಳವೆಂಬುದು ಬಲು ತುಟ್ಟಿ. ನಾಲ್ವರು ಮೈಗೆ ಮೈ ತಾಗಿಸಿ ಕುಳಿತ ಆ ಗಾಜಿನ ಗೂಡಿನಲ್ಲಿಯೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೂ ಬೆಂಕಿ ನಂದಿಸುವ ಪುಟ್ಟ ಸಿಲಿಂಡರಿಗೂ ಎಡೆ ದೊರೆಯಬೇಕು. ಸಿಲಿಂಡರಂತೂ ಚಾಲಕನ ಕೈಗೆಟಕುವಂತೆ ಅವನ ಪೀಠದ ಬಳಿಯೇ ಇರುವುದುಂಟು. ತೊಡಕಿರುವುದೂ ಅಲ್ಲಿಯೇ.

ಚಾಲಕನ ಎಡಗೈಯಲ್ಲೊಂದು ಸನ್ನೆಕೋಲು. ‘ಕಲೆಕ್ಟಿವ್’ ಎಂದು ಅದರ ಹೆಸರು. ಎತ್ತಿದರೆ ಯಂತ್ರ ಮೇಲೇರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಎಂಜಿನ್ ಹಠಾತ್ತನೆ ನಿಂತಿತೆನ್ನಿ. ಒಂದೆರಡು ಸೆಕೆಂಡುಗಳೊಳಗೆ ಅದನ್ನು ಕೆಳಗೊತ್ತಲೇಬೇಕು. ಆಗ ಮಾತ್ರ ನೆತ್ತಿಯ ಮೇಲಿನ ಅಲಗುಗಳು ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದಲೇ ತಿರುಗುತ್ತ ಯಂತ್ರವನ್ನು ಮೆಲ್ಲನೆ ನೆಲ ಮುಟ್ಟಿಸಿಯಾವು. ಕೊಂಡಿ ಕಳಚಿದ ಸಿಲಿಂಡರು ಉರುಳಿ ಬಂದು ಆ ಸನ್ನೆಕೋಲಿನಡಿ ಸಿಕ್ಕಿಕೊಂಡಿದ್ದರೆ? ಬೆಂಕಿಯ ಸುಳಿವಿಲ್ಲದೆಯೇ ಆಪದ್ಬಂಧು ಯಮದೂತನಾದಂತೆ!

ಬಾಗಿಲು ತೆಗೆದು ಹಾರುವಾಗ ಭಯ ಬೇರೊಂದು. ಹೊರಗೆ ಹಾರಿದ ಬಿಡಿ ವಸ್ತು ಬಾಲದ ರೋಟರಿಗೆ ಬಡಿದು ಪ್ರಾಣಹಾನಿಯಾದದ್ದುಂಟೆಂದು ಅಮೆರಿಕದ ರಾಬಿನ್‌ಸನ್ ಕಂಪನಿಯೇ ತನ್ನ ಚಾಲಕರನ್ನು ಎಚ್ಚರಿಸಿದೆ.

ಲಘು ಹೆಲಿಕಾಪ್ಟರುಗಳ ಹೊಸ ವಿನ್ಯಾಸಗಳಿಗೆ ಆ ದೇಶದ ನಿಯಮ ಕಟ್ಟುನಿಟ್ಟಾದುದು. ಜನರಿಗೆ ಬಡಿಯಬಹುದಾದ ವಸ್ತುವಿನ ಕಟ್ಟು ಮುಂದಕ್ಕೆ ಅದರ ತೂಕದ 16 ಪಟ್ಟು, ಕೆಳಕ್ಕೆ 20 ಪಟ್ಟು, ಮೇಲಕ್ಕೆ 4 ಪಟ್ಟು ಸೆಳೆತವನ್ನು ತಡೆಯಬೇಕು. 2 ಕಿಲೋ ಸಿಲಿಂಡರು ಅಪ್ಪಳಿಸುವ ಗಳಿಗೆಯಲ್ಲಿ 32 ಕಿಲೋ ಭಾರದಂತೆ ಮುನ್ನುಗ್ಗೀತೆಂದು ಲೆಕ್ಕ. ಹಾಗೆಂದು ತಂತಿ ಸುತ್ತಿ ಬಿಗಿದುಬಿಟ್ಟರೂ ಕೆಟ್ಟಿತು. ಹೊಗೆಯ ನಡುವೆ ಒಂದೇ ಕೈಗೆ ಅದು ಬಿಡಿಸಿ ಬರಬೇಕಷ್ಟೆ! ಯಂತ್ರದ ಎಡೆಬಿಡದ ನಡುಕಕ್ಕೆ ಎಂತಹ ಕೊಂಡಿಯೂ ಸಡಿಲಬಹುದು. ಆದುದರಿಂದ ಬಲ್ಲ ಚಾಲಕನು ಹಾರುವ ಮುನ್ನ ಇಂಧನವನ್ನು ನೋಡುವಂತೆಯೇ ಸಿಲಿಂಡರನ್ನೂ ಒಮ್ಮೆ ಹಿಡಿದು ಅಲ್ಲಾಡಿಸಿ ನೋಡುತ್ತಾನೆ.