ಮೊದಲ ಕ್ಯಾಮರಾ

ಕಣ್ಣು ಕಂಡ ದೃಶ್ಯವನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ಗುಹೆಯ ಗೋಡೆಯ ಮೇಲೆ ಬೇಟೆಯ ಚಿತ್ರವನ್ನು ಬರೆದವನಿಗೂ ಇಂದು ಕೆರೆಯ ದಡದಲ್ಲಿ ಕುಳಿತು ಮಿಂಚುಳ್ಳಿಗಾಗಿ ಕಾಯುವವನಿಗೂ ಇರುವ ಹಂಬಲ ಒಂದೇ. ಇಂದು ಅನೇಕರ ಕೈಯಲ್ಲಿರುವ ಮೊಬೈಲ್ ಫೋನು ದಿನನಿತ್ಯದ ಚಿತ್ರಗಳಿಗೆ ಧಾರಾಳವಾಗಿ ಸಾಕು. ಆದರೆ ದೂರದ ಕೊಂಬೆಯ ಮೇಲಿನ ಹಕ್ಕಿಯನ್ನೋ, ಮಬ್ಬು ಬೆಳಕಿನಲ್ಲಿ ಕುಣಿಯುವ ಯಕ್ಷಗಾನದ ವೇಷವನ್ನೋ ಸೆರೆಹಿಡಿಯಲು ಹೊರಟಾಗ ಅದರ ಮಿತಿ ತಿಳಿಯುತ್ತದೆ. ಆಗ ಆಸಕ್ತನ ಮನಸ್ಸು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾದ ಕಡೆಗೆ ಹರಿಯುತ್ತದೆ.

ಸಾಮಾನ್ಯ ಸಂಸಾರಕ್ಕೆ ಇಂತಹ ಕ್ಯಾಮರಾವನ್ನು ಕೊಳ್ಳುವುದು ಸಣ್ಣ ಮಾತಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ಹಣ ಒಂದೇ ಗಳಿಗೆಯಲ್ಲಿ ಕೈಬಿಟ್ಟು ಹೋಗುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತ ಕ್ಯಾಮರಾಗಳೆಲ್ಲ ನೋಡಲು ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತವೆ. ಬೇರೆಯಾಗಿ ಕಾಣುವುದು ಅವುಗಳ ಜೊತೆಗೆ ಬರೆದ ಅಂಕಿಗಳು ಮಾತ್ರ. ದೊಡ್ಡ ಅಂಕಿಯೇ ಉತ್ತಮವೆಂದು ನಂಬಿ, ಇದ್ದ ಹಣವನ್ನೆಲ್ಲ ಅದಕ್ಕೇ ಸುರಿದು, ಬೇಕಾದ ಚಿತ್ರ ಅದರಿಂದ ಬಾರದೆಂದು ಮನೆಗೆ ಬಂದ ಮೇಲೆ ಪರಿತಪಿಸುವವರುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಆದುದರಿಂದ ಕೊಳ್ಳುವ ಮೊದಲು ಈ ಯಂತ್ರದ ಬಗೆಯನ್ನು ಅರಿಯುವುದು ಲೇಸು.

ಎಸ್‌ಎಲ್‌ಆರ್ ಎಂದರೆ ಒಂದೇ ಮಸೂರದಿಂದ ನೋಡುವ ಹಾಗೂ ಚಿತ್ರ ತೆಗೆಯುವ ಕ್ಯಾಮರಾ. ಇದರಲ್ಲಿ ಮಸೂರದ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಮಸೂರದ ಮೂಲಕ ಬಂದ ಬೆಳಕು ಈ ಕನ್ನಡಿಗೆ ತಾಗಿ ಮೇಲಕ್ಕೆ ಚಿಮ್ಮಿ, ಅಲ್ಲಿರುವ ಅಶ್ರಗದಲ್ಲಿಯೋ ಕನ್ನಡಿಗಳ ಜೋಡಣೆಯಲ್ಲಿಯೋ ತಿರುಗಿ, ನೋಡುವವನ ಕಣ್ಣನ್ನು ಸೇರುತ್ತದೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಷಟರ್ ಎಂಬ ಪರದೆ ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಬೆಳಕು ಹಿಂದಿರುವ ಫಲಕದ ಮೇಲೆ ಬೀಳುತ್ತದೆ. ಹಿಂದೆ ಆ ಸ್ಥಾನದಲ್ಲಿ ಫಿಲ್ಮ್ ಇತ್ತು. ಡಿಜಿಟಲ್ ಕ್ಯಾಮರಾದಲ್ಲಿ ಸಂವೇದಕ ಅಥವಾ ಸೆನ್ಸರ್ ಎಂಬ ಫಲಕವಿದ್ದು, ಅದು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಮಸೂರವನ್ನು ಕಳಚಿ ಬೇರೊಂದನ್ನು ತೊಡಿಸಬಹುದೆಂಬುದು ಈ ಕ್ಯಾಮರಾದ ಹಿರಿಯ ಗುಣ.

ಇಂತಹ ಯಂತ್ರ ಸಾಮಾನ್ಯರ ಕೈಗೆ ಎಟುಕಲು ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಬೆಳಕನ್ನು ವಿದ್ಯುತ್ತಾಗಿಸಿ ದಾಖಲಿಸಲು ನೆರವಾದ ಸಿಸಿಡಿ ಎಂಬ ಸಾಧನವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ರೂಪಿಸಿದರು. 1975ರಲ್ಲಿ ಕೊಡಾಕ್ ಸಂಸ್ಥೆಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮರಾವೊಂದನ್ನು ಜೋಡಿಸಿದರು. ಅದರ ಚಿತ್ರದಲ್ಲಿದ್ದುದು 10,000 ಚುಕ್ಕೆಗಳು ಮಾತ್ರ; ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು. 1991ರಲ್ಲಿ ಅದೇ ಸಂಸ್ಥೆ ನಿಕಾನ್ ಎಫ್3 ಕ್ಯಾಮರಾವನ್ನು ಆಧರಿಸಿ ಡಿಜಿಟಲ್ ಎಸ್‌ಎಲ್‌ಆರ್ ಒಂದನ್ನು ಮಾರಾಟಕ್ಕೆ ತಂದಿತು. ಚಿತ್ರಗಳನ್ನು ಸಂಗ್ರಹಿಸುವ ಪೆಟ್ಟಿಗೆಯನ್ನು ಛಾಯಾಗ್ರಾಹಕನು ಬೇರೆಯಾಗಿ ಹೆಗಲಿಗೆ ತೂಗಿಹಾಕಿಕೊಳ್ಳಬೇಕಾಗಿತ್ತು. 2003ರಲ್ಲಿ ಕೆನಾನ್ ಸಂಸ್ಥೆಯ ಇಒಎಸ್ 300ಡಿ 1,000 ಡಾಲರಿಗಿಂತ ಕಡಿಮೆ ಬೆಲೆಗೆ ಬಂದಾಗಲೇ ಹವ್ಯಾಸಿಗಳಿಗೆ ಬಾಗಿಲು ತೆರೆಯಿತು ಎನ್ನಬಹುದು.

ಕೊಳ್ಳುವವನನ್ನು ಮೊದಲು ಮರುಳುಗೊಳಿಸುವ ಅಂಕಿ ಮೆಗಾಪಿಕ್ಸೆಲ್. ಚಿತ್ರವೊಂದು ಅಸಂಖ್ಯ ಚುಕ್ಕೆಗಳ ರಂಗೋಲಿ. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ಅಗಲದಲ್ಲಿ 6,000, ಎತ್ತರದಲ್ಲಿ 4,000 ಚುಕ್ಕೆಗಳಿರುವ ಚಿತ್ರ 24 ಮೆಗಾಪಿಕ್ಸೆಲಿನದು. ಆದರೆ 10 ಅಂಗುಲ ಅಗಲ, 8 ಅಂಗುಲ ಎತ್ತರದ ಅಚ್ಚುಕಟ್ಟಾದ ಮುದ್ರಣಕ್ಕೆ ಅಂಗುಲವೊಂದಕ್ಕೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೂ 3,000 ಮತ್ತು 2,400 ಚುಕ್ಕೆಗಳು ಸಾಕು; ಗುಣಿಸಿದರೆ ಕೇವಲ 72 ಲಕ್ಷ. ಮನೆಯ ಗೋಡೆಗೆ ತೂಗುವ ಚಿತ್ರಕ್ಕೆ ಹಳೆಯ 12 ಮೆಗಾಪಿಕ್ಸೆಲ್ ಕ್ಯಾಮರಾವೂ ಸಾಲುತ್ತದೆ ಎಂಬುದು ಇದರಿಂದ ಸ್ಪಷ್ಟ. ಈ ಅಂಕಿಗಿಂತ ಸಂವೇದಕದ ಅಳತೆ ಮುಖ್ಯ. ಆರಂಭಿಕ ಎಸ್‌ಎಲ್‌ಆರ್‌ಗಳ ಸಂವೇದಕ ಸಾಮಾನ್ಯವಾಗಿ 23 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರದ ಆಸುಪಾಸಿನಲ್ಲಿರುತ್ತದೆ. ಮೊಬೈಲ್ ಫೋನಿನ ಸಂವೇದಕ ಇದಕ್ಕಿಂತ ಬಹಳ ಚಿಕ್ಕದು. ದೊಡ್ಡ ಬೋಗುಣಿಯಲ್ಲಿ ಹೆಚ್ಚು ಮಳೆನೀರು ನಿಲ್ಲುವಂತೆ ದೊಡ್ಡ ಸಂವೇದಕದಲ್ಲಿ ಹೆಚ್ಚು ಬೆಳಕು ನಿಲ್ಲುತ್ತದೆ.

ಕ್ಯಾಮರಾದ ನಿಜವಾದ ಕಣ್ಣು ಮಸೂರ. ಮಸೂರದ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಮೊದಲನೆಯದು ಮಿಲಿಮೀಟರುಗಳಲ್ಲಿ ಹೇಳುವ ಸಂಗಮದೂರ. ಇದು ಕಡಿಮೆಯಾದಷ್ಟೂ ದೃಶ್ಯ ವಿಶಾಲವಾಗುತ್ತದೆ, ಹೆಚ್ಚಾದಷ್ಟೂ ದೂರದ ವಸ್ತು ಹತ್ತಿರ ಬರುತ್ತದೆ. ಎರಡನೆಯದು ಎಫ್ ಸಂಖ್ಯೆ. ಇದು ಬೆಳಕು ಒಳಬರುವ ರಂಧ್ರದ ಅಳತೆಯನ್ನು ಸೂಚಿಸುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದೆಂದು ತಿಳಿಯಬೇಕು. ಹೊಸ ಕ್ಯಾಮರಾದೊಡನೆ ಸಾಮಾನ್ಯವಾಗಿ ಕೊಡುವ 18ರಿಂದ 55 ಮಿಲಿಮೀಟರಿನ ಮಸೂರ ಹಳೇಬೀಡಿನ ದೇಗುಲದ ಹೊರನೋಟಕ್ಕೂ ಮನೆಯವರ ಗುಂಪು ಚಿತ್ರಕ್ಕೂ ಒಪ್ಪುತ್ತದೆ. ಆದರೆ 55 ಮಿಲಿಮೀಟರಿನ ತುದಿಯಲ್ಲಿ ಅದರ ಎಫ್ ಸಂಖ್ಯೆ 5.6ಕ್ಕಿಂತ ಕೆಳಗಿಳಿಯದು.

ಇದರ ಪರಿಣಾಮವನ್ನು ರಾತ್ರಿಯ ಯಕ್ಷಗಾನದ ನಿದರ್ಶನದಿಂದ ಅರಿಯಬಹುದು. ರಂಗಸ್ಥಳದ ಬೆಳಕಿನಲ್ಲಿ ಎಫ್ 5.6ಕ್ಕೆ ಒಂದು ಸೆಕೆಂಡಿನ 30ನೆಯ ಒಂದು ಭಾಗದಷ್ಟು ಕಾಲ ಪರದೆ ತೆರೆದಿರಬೇಕಾಯಿತು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ವೇಷಧಾರಿ ಒಂದು ಸುತ್ತು ತಿರುಗತೊಡಗಿರುತ್ತಾನೆ. ಚಿತ್ರದಲ್ಲಿ ಕಿರೀಟವೂ ಮುಖವೂ ಕಲಸಿಹೋಗುತ್ತವೆ. ಅದೇ ಕ್ಯಾಮರಾಕ್ಕೆ ಎಫ್ 1.8ರ, 50 ಮಿಲಿಮೀಟರಿನ ಮಸೂರವನ್ನು ತೊಡಿಸಿದರೆ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಒಳಬರುತ್ತದೆ. ಆಗ ಸೆಕೆಂಡಿನ 250ನೆಯ ಒಂದು ಭಾಗ ಸಾಕಾಗಿ, ಕುಣಿತದ ನಡುವಣ ಮುಖಭಾವ ನಿಚ್ಚಳವಾಗಿ ಮೂಡುತ್ತದೆ. ಇಂತಹ ಮಸೂರ ಎಸ್‌ಎಲ್‌ಆರ್ ಮಸೂರಗಳ ಪೈಕಿ ಅಗ್ಗವಾದವುಗಳಲ್ಲಿ ಒಂದು. ಹೆಚ್ಚು ಬೆಲೆಯ ಕ್ಯಾಮರಾವನ್ನು ಕೊಂಡು ಹಳೆಯ ಮಸೂರದಲ್ಲೇ ಉಳಿದಿದ್ದರೆ ಈ ಲಾಭ ದೊರೆಯುತ್ತಿರಲಿಲ್ಲ. ರಂಗನತಿಟ್ಟಿನ ಹಕ್ಕಿಗಳನ್ನು ಬಯಸುವವನಿಗೆ ಮಾತ್ರ 50 ಮಿಲಿಮೀಟರ್ ನಿರುಪಯುಕ್ತ. ಅವನಿಗೆ 300 ಮಿಲಿಮೀಟರ್ ಮುಟ್ಟುವ ಮಸೂರ ಬೇಕು. ಯಾವ ಚಿತ್ರ ಬೇಕೆಂಬುದು ಮೊದಲು ನಿಶ್ಚಯವಾದರೆ ಮಸೂರ ತಾನಾಗಿ ನಿಶ್ಚಯವಾಗುತ್ತದೆ; ಕ್ಯಾಮರಾದ ಒಡಲು ಅದರ ಬಳಿಕದ ಮಾತು.

ಮಸೂರಕ್ಕೂ ಕ್ಯಾಮರಾಕ್ಕೂ ಹೊಂದಿಕೆ ಬೀಗಕ್ಕೂ ಕೀಲಿಕೈಗೂ ಇರುವಂತಹುದು. ನಿಕಾನ್ ಸಂಸ್ಥೆಯ ಮಸೂರ ಕೆನಾನ್ ಸಂಸ್ಥೆಯ ಕ್ಯಾಮರಾಕ್ಕೆ ನೇರವಾಗಿ ಕೂರುವುದಿಲ್ಲ. ಒಂದೇ ಸಂಸ್ಥೆಯದಾದರೂ ಎಚ್ಚರ ಬೇಕು. 2006ರಲ್ಲಿ ಬಂದ ನಿಕಾನ್ ಡಿ40ಯಲ್ಲಿಯೂ 2018ರಲ್ಲಿ ಬಂದ ಡಿ3500ರಲ್ಲಿಯೂ ಮಸೂರವನ್ನು ತಿರುಗಿಸಿ ಸ್ಪಷ್ಟತೆ ಹೊಂದಿಸುವ ಪುಟ್ಟ ಮೋಟಾರು ಒಡಲೊಳಗೆ ಇಲ್ಲ. ಸ್ವಂತ ಮೋಟಾರಿಲ್ಲದ ಹಳೆಯ ಮಸೂರವನ್ನು ಅಗ್ಗವೆಂದು ತಂದು ಇವುಗಳಿಗೆ ತೊಡಿಸಿದರೆ, ಪ್ರತಿ ಚಿತ್ರಕ್ಕೂ ಸ್ಪಷ್ಟತೆಯನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ತಯಾರಕರ ಗಮನ ಕನ್ನಡಿಯಿಲ್ಲದ ಕ್ಯಾಮರಾಗಳತ್ತ ಹೊರಳಿದೆ. ಹೊಸ ಎಸ್‌ಎಲ್‌ಆರ್ ಮಾದರಿಗಳು ವಿರಳವಾಗಿವೆ. ಡಿ3500ರ ತಯಾರಿಕೆಯೂ ನಿಂತಿದೆ. ಅನೇಕರು ತಮ್ಮ ಹಳೆಯ ಕ್ಯಾಮರಾಗಳನ್ನು ಮಾರಿ ಹೊಸ ಬಗೆಯವನ್ನು ಕೊಳ್ಳುತ್ತಿದ್ದಾರೆ. ಕಡಿಮೆ ಹಣವುಳ್ಳವನಿಗೆ ಇದೊಂದು ಅವಕಾಶ. ಆದರೆ ಬಳಸಿದ ವಸ್ತುವನ್ನು ಎತ್ತಿನ ಹಲ್ಲು ನೋಡಿದಂತೆ ನೋಡಿಯೇ ಕೊಳ್ಳಬೇಕು. ಪರದೆ ಎಷ್ಟು ಬಾರಿ ತೆರೆದು ಮುಚ್ಚಿದೆ ಎಂಬ ಲೆಕ್ಕವನ್ನು ವಿಚಾರಿಸಬೇಕು. ಆರಂಭಿಕ ಮಾದರಿಗಳಲ್ಲಿ ಸಾಮಾನ್ಯವಾಗಿ ಇದರ ಬಾಳಿಕೆಯನ್ನು ಒಂದು ಲಕ್ಷದ ಆಸುಪಾಸಿನಲ್ಲಿ ಎಣಿಸುತ್ತಾರೆ. ಎಫ್ 16ಕ್ಕೆ ಹೊಂದಿಸಿ ಶುಭ್ರವಾದ ಆಕಾಶದ ಚಿತ್ರವೊಂದನ್ನು ತೆಗೆದರೆ ಸಂವೇದಕದ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ತೋರುತ್ತದೆ. ಮಸೂರದ ಒಂದು ಬದಿಯಿಂದ ಟಾರ್ಚಿನ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ನೋಡಬೇಕು. ಮಲೆನಾಡು, ಕರಾವಳಿಗಳ ತೇವದ ಹವೆಯಲ್ಲಿ ಮಸೂರದೊಳಗೆ ಬೂಷ್ಟು ಬೆಳೆಯುವುದುಂಟು. ಅದು ಜೇಡರ ಬಲೆಯಂತೆ ಕಾಣಿಸುತ್ತದೆ. ಅಂತಹ ಮಸೂರವನ್ನು ಎಷ್ಟೇ ಅಗ್ಗವಾದರೂ ಬಿಡುವುದು ಒಳಿತು.

ಹಣವನ್ನು ಹಂಚುವಾಗಲೂ ವಿವೇಕ ಬೇಕು. ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ, ಚೀಲ, ತೇವವನ್ನು ಹೀರುವ ಸಿಲಿಕಾ ಜೆಲ್, ಮುಂದೆ ಬೇಕಾಗುವ ಮತ್ತೊಂದು ಮಸೂರ ಇವೆಲ್ಲಕ್ಕೂ ಒಂದು ಪಾಲನ್ನು ಮೊದಲೇ ತೆಗೆದಿಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಿದವನಿಗೆ ನಿದ್ದೆ ಕೆಡುವುದಿಲ್ಲ. ಕೊನೆಯದಾಗಿ ಕ್ಯಾಮರಾವನ್ನು ಕೈಯಲ್ಲಿ ಹಿಡಿದು ನೋಡಬೇಕು. ಬೆರಳುಗಳು ಗುಂಡಿಗಳನ್ನು ತಡವರಿಸದೆ ಮುಟ್ಟುವಂತಿರಬೇಕು. ಅರ್ಧ ದಿನ ಹೆಗಲಿಗೆ ಹಾಕಿಕೊಂಡರೂ ಭಾರವೆನಿಸಬಾರದು.

ಹೀಗೆ ನೋಡಿ ಕೊಂಡ ಕ್ಯಾಮರಾ ಅಂಗಡಿಯಲ್ಲಿದ್ದುದರಲ್ಲಿ ಶ್ರೇಷ್ಠವಾದುದೇನೂ ಆಗಿರಲಾರದು. ಆದರೆ ಅದನ್ನು ಕೊಂಡವನು ಕಪಾಟಿನಲ್ಲಿಟ್ಟು ಬೀಗ ಹಾಕುವುದಿಲ್ಲ. ಬಿದ್ದೀತೆಂಬ ಭಯದಿಂದ ಮನೆಯಲ್ಲೇ ಉಳಿಸುವುದಿಲ್ಲ. ಬೆಳಗಿನ ಮಂಜಿನಲ್ಲಿಯೂ ಸಂಜೆಯ ಜಾತ್ರೆಯಲ್ಲಿಯೂ ಅದು ಅವನ ಹೆಗಲ ಮೇಲಿರುತ್ತದೆ. ಬೆಳಕು ಯಾವ ಹೊತ್ತಿನಲ್ಲಿ ಯಾವ ಕಡೆಯಿಂದ ಬರುತ್ತದೆ, ಹಕ್ಕಿ ಹಾರುವ ಮುನ್ನ ಹೇಗೆ ಮೈ ಬಾಗಿಸುತ್ತದೆ ಎಂಬುದನ್ನು ಅವನ ಕಣ್ಣು ನಿಧಾನವಾಗಿ ಕಲಿಯುತ್ತದೆ. ಆ ಕಲಿಕೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅದಕ್ಕೆ ಎಡೆಮಾಡಿಕೊಡುವ ಕ್ಯಾಮರಾವೇ ಮೊದಲ ಕ್ಯಾಮರಾವಾಗಲು ಯೋಗ್ಯವಾದುದು.