ಸೊಫ್ರೊಸೂನೆ: ನೆಟ್ಟಗಿನ ಬುದ್ಧಿಯಿಂದ ಬಿಗಿಹಿಡಿದ ನಾಲಿಗೆಯವರೆಗೆ

ಸಂಯಮಕ್ಕೆ ಗ್ರೀಕರು ಬಳಸಿದ ಮಾತು ಸೊಫ್ರೊಸೂನೆ. ಹುಟ್ಟಿದಾಗ ಅದರಲ್ಲಿ ಬಿಗಿಹಿಡಿಯುವ ಅರ್ಥವೇನೂ ಇರಲಿಲ್ಲ. ಕೆಡದ ಮನಸ್ಸು, ನೆಟ್ಟಗಿರುವ ಬುದ್ಧಿ, ಅಷ್ಟೇ. ಹೋಮರನಲ್ಲಿ ಅದು ಕಾಣುವುದೇ ಅಪರೂಪ. ಇಲಿಯಡ್‌ನಲ್ಲಿ ಪೊಸೈಡನ್ ಕಾಳಗಕ್ಕೆ ಕರೆದಾಗ ಅಪೊಲೊ ಹಿಂದೆ ಸರಿಯುತ್ತಾನೆ. ಅಲ್ಪಾಯುಗಳಾದ ಮನುಷ್ಯರಿಗಾಗಿ ದೇವರು ದೇವರೊಡನೆ ಹೊಡೆದಾಡಿದರೆ ಅದು ಬುದ್ಧಿಯ ಲಕ್ಷಣವಲ್ಲ ಎಂಬುದು ಅವನ ವಾದ.

ಅಥೆನ್ಸ್‌ನ ಬರಹಗಳಿಗೆ ಬರುವಷ್ಟರಲ್ಲಿ ಈ ಗುಣವನ್ನು ಗಂಡಸಿನಲ್ಲಿ ಒಂದು ಬಗೆಯಾಗಿ, ಹೆಂಗಸಿನಲ್ಲಿ ಇನ್ನೊಂದು ಬಗೆಯಾಗಿ ಹುಡುಕತೊಡಗಿದರು. ಗಂಡಸಿಗೆ ಅದು ಆಸೆಯ ಮೇಲಿನ ಹಿಡಿತ. ಹೆಂಗಸಿಗೆ ಪಾತಿವ್ರತ್ಯ, ಮೌನ. ಸತ್ತ ಹೆಂಡತಿಯ ಗೋರಿಗಲ್ಲಿನ ಮೇಲೆ ಹೊಗಳಿಕೆಯಾಗಿ ಕೆತ್ತಿಸಿದ್ದೂ ಈ ಗುಣವನ್ನೇ.

ಈ ಮಾತು ಅಧಿಕಾರದ ಕೈಗೆ ಸಿಕ್ಕಾಗ ಏನಾಯಿತೆಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿಟ್ಟಿದ್ದಾನೆ. ಕ್ರಿ.ಪೂ. 427ರಲ್ಲಿ ಕೊರ್ಸೈರಾ ದ್ವೀಪದಲ್ಲಿ ಅಂತರ್ಯುದ್ಧ. ಸಂಯಮಿಯನ್ನು ಹೇಡಿಯೆಂದರು. ಆದರೂ ಧನಿಕರ ಬಣಗಳು ತಮ್ಮ ಆಳ್ವಿಕೆಗೆ ಅದೇ ಹೆಸರಿಟ್ಟುಕೊಂಡವು: ಸಂಯಮದ ಶ್ರೀಮಂತಪ್ರಭುತ್ವ! ಎರಡೂ ಒಂದೇ ಅಧ್ಯಾಯದಲ್ಲಿವೆ. ರಾಜಕೀಯ ಭಾಷೆಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಬರಹವನ್ನು ನಾನು ಕಂಡಿಲ್ಲ.

ಪ್ಲೇಟೊನ 'ಕಾರ್ಮಿಡೀಸ್' ಸಂವಾದ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ. ಸೊಫ್ರೊಸೂನೆ ಎಂದರೇನೆಂದು ಸಾಕ್ರಟೀಸ್ ಕೇಳುತ್ತಾನೆ. ಶಾಂತವಾಗಿ ನಡೆದುಕೊಳ್ಳುವುದು, ಎನ್ನುತ್ತಾನೆ ಚೆಲುವ ತರುಣ ಕಾರ್ಮಿಡೀಸ್. ಆಮೇಲೆ ಲಜ್ಜೆ; ಆಮೇಲೆ ತನ್ನ ಕೆಲಸ ತಾನು ನೋಡಿಕೊಳ್ಳುವುದು. ಒಂದೂ ನಿಲ್ಲುವುದಿಲ್ಲ. ಅವನ ಪೋಷಕ ಕ್ರಿಟಿಯಾಸ್ ಚರ್ಚೆಗಿಳಿದು ಅದನ್ನು ಆತ್ಮಜ್ಞಾನದ ಕಡೆಗೆ ಒಯ್ಯುತ್ತಾನೆ. ತನಗೆ ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಎಂದು ಮನುಷ್ಯನಿಗೆ ತಿಳಿಯುವುದು ಸಾಧ್ಯವೇ? ಉತ್ತರ ಸಿಗದೆ ಸಂವಾದ ಮುಗಿಯುತ್ತದೆ. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಆಳಿದ 'ಮೂವತ್ತು ಮಂದಿ' ಎಂಬ ಗುಂಪಿನ ಮುಂದಾಳು ಇದೇ ಕ್ರಿಟಿಯಾಸ್. ಕಾರ್ಮಿಡೀಸ್ ಆ ಗುಂಪಿನ ಸಹಾಯಕ. ಆ ಆಳ್ವಿಕೆ ಕೊಂದದ್ದು 1,500 ಜನರನ್ನೆಂದು ಪ್ರಾಚೀನರ ಲೆಕ್ಕ. ಮರುವರ್ಷ ಪಿರೇಯಸ್ ಬಂದರಿನ ಕದನದಲ್ಲಿ ಇಬ್ಬರೂ ಸತ್ತರು. ಇಬ್ಬರೂ ಪ್ಲೇಟೊನ ತಾಯಿಯ ಕಡೆಯ ಬಂಧುಗಳು. ಇಷ್ಟೆಲ್ಲ ಆದಮೇಲೆಯೇ ಪ್ಲೇಟೊ ಅವರ ಬಾಯಿಂದ ಸಂಯಮದ ಚರ್ಚೆ ಆಡಿಸಿದ್ದು. ಓದುವಾಗ ಎದೆ ಭಾರವಾಗುತ್ತದೆ.

ಕ್ರಿ.ಪೂ. 45ರಲ್ಲಿ ರೋಮನ್ ಬರಹಗಾರ ಸಿಸಿರೊಗೆ ಲ್ಯಾಟಿನ್‌ನಲ್ಲಿ ಸೊಫ್ರೊಸೂನೆಗೆ ಒಂದೇ ಪದ ಸಾಲಲಿಲ್ಲ. ಟೆಂಪೆರಾನ್ಶಿಯಾ, ಮೊಡೆರಾಶಿಯೊ, ಮೊಡೆಸ್ಟಿಯಾ ಎಂದು ಮೂರನ್ನು ಬಳಸಿ ನೋಡಿದ. ಕ್ರೈಸ್ತ ಬರಹಗಾರರು ಮೊದಲನೆಯದನ್ನು ನಾಲ್ಕು ಮುಖ್ಯ ಸದ್ಗುಣಗಳಲ್ಲಿ ಒಂದಾಗಿ ಎಣಿಸಿದರು. ಅಲ್ಲಿಂದ ಮುಂದೆ ಹೆಚ್ಚಾಗಿ ಊಟ, ಮದ್ಯ, ಕಾಮಗಳ ಹತೋಟಿಯ ಮಾತೇ ಬಂತು. ನಿನಗೆ ಗೊತ್ತಿರುವುದೆಷ್ಟು ಎಂಬ ಪ್ರಶ್ನೆ ಹಿಂದೆ ಉಳಿಯಿತು.